ದಾಸರಹಳ್ಳಿ ವಿಧಾನಸಭಾ ಕ್ಷೇತ್ರ ಮತ್ತು ಚಿಕ್ಕಬಾಣಾವರದ ಮತದಾರರು: ಕ್ಷೇತ್ರದ ಹಿನ್ನೆಲೆ, ಚುನಾವಣಾ ಇತಿಹಾಸ ಹಾಗೂ ನಾಗರಿಕರಿಗೆ ಮಾಹಿತಿ

1. ಪೀಠಿಕೆ

ಚಿಕ್ಕಬಾಣಾವರವು ಬೆಂಗಳೂರಿನ ವಾಯವ್ಯ ಭಾಗದಲ್ಲಿ, ಯಶವಂತಪುರ–ತುಮಕೂರು ರೈಲು ಮಾರ್ಗದಲ್ಲಿರುವ ಊರು. ಒಂದು ಕಡೆ ಪೀಣ್ಯ ಕೈಗಾರಿಕಾ ಪ್ರದೇಶ, ಇನ್ನೊಂದು ಕಡೆ ಸೋಲದೇವನಹಳ್ಳಿ ಹಾಗೂ ಹೆಸರಘಟ್ಟ ರಸ್ತೆಯ ಕಾಲೇಜುಗಳು ಇರುವುದರಿಂದ, ಕಳೆದ ಎರಡು ಮೂರು ದಶಕಗಳಲ್ಲಿ ಇಲ್ಲಿಗೆ ಬಂದು ನೆಲೆಸಿದವರ ಸಂಖ್ಯೆ ಬಹಳವಾಗಿ ಹೆಚ್ಚಿದೆ. ಕಾರ್ಖಾನೆಯ ಕೆಲಸಗಾರರು, ವಿದ್ಯಾರ್ಥಿಗಳು, ಬಾಡಿಗೆದಾರರು, ನಿವೇಶನ ಕೊಂಡು ಮನೆ ಕಟ್ಟಿಕೊಂಡವರು ಹಾಗೂ ತಲೆಮಾರುಗಳಿಂದ ಇಲ್ಲೇ ಇರುವ ಕುಟುಂಬದವರು ಒಂದೇ ಬೀದಿಯಲ್ಲಿ ವಾಸವಾಗಿದ್ದಾರೆ.

ಹೀಗೆ ಬೆಳೆದ ಊರಿನಲ್ಲಿ ಎರಡು ಪ್ರಶ್ನೆಗಳು ಸಾರ್ವಜನಿಕರಿಂದ ಪದೇ ಪದೇ ಬರುತ್ತವೆ. ಮೊದಲನೆಯದು, ಯಾವ ಕೆಲಸಕ್ಕೆ ಯಾವ ಕಚೇರಿಗೆ ಅರ್ಜಿ ಸಲ್ಲಿಸಬೇಕು ಎಂಬುದು. ಎರಡನೆಯದು, ಇಲ್ಲಿ ವಾಸವಿದ್ದರೂ ಹೆಸರು ಬೇರೆ ಕಡೆ ಇರುವವರು ಏನು ಮಾಡಬೇಕು ಎಂಬುದು. ಈ ಎರಡೂ ಪ್ರಶ್ನೆಗಳಿಗೆ ಉತ್ತರ ತಿಳಿಯಲು ಚಿಕ್ಕಬಾಣಾವರವನ್ನು ಒಳಗೊಂಡ ವಿಧಾನಸಭಾ ಕ್ಷೇತ್ರದ ಪರಿಚಯ ಅಗತ್ಯ. ಈ ಪುಟದಲ್ಲಿ ಆ ವಿವರಗಳನ್ನು ನೀಡಲಾಗಿದೆ.

2. ಕ್ಷೇತ್ರದ ರಚನೆ

ಚಿಕ್ಕಬಾಣಾವರವು ಸಂಖ್ಯೆ 155, ದಾಸರಹಳ್ಳಿ ವಿಧಾನಸಭಾ ಕ್ಷೇತ್ರಕ್ಕೆ ಸೇರಿದೆ. ಇದು ಸಾಮಾನ್ಯ ವರ್ಗದ ಕ್ಷೇತ್ರ. 2008ಕ್ಕಿಂತ ಮೊದಲು ಈ ಹೆಸರಿನ ಕ್ಷೇತ್ರ ಇರಲಿಲ್ಲ. 2002ರ ಕ್ಷೇತ್ರ ಮರುವಿಂಗಡಣೆ ಅಧಿನಿಯಮದ ಮೇರೆಗೆ ರಚಿತವಾದ ಆಯೋಗವು, ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯಲ್ಲಿ, 2001ರ ಜನಗಣತಿಯನ್ನು ಆಧಾರವಾಗಿರಿಸಿಕೊಂಡು ರಾಜ್ಯದ ಎಲ್ಲ ಕ್ಷೇತ್ರಗಳ ಗಡಿಗಳನ್ನು ಮರುನಿಗದಿಪಡಿಸಿತು. ರಾಜ್ಯದ ಒಟ್ಟು ಸ್ಥಾನಗಳು 224 ಆಗಿಯೇ ಉಳಿದವು. ಆದರೆ ಜನಸಂಖ್ಯೆ ಹೆಚ್ಚಿದ್ದ ಬೆಂಗಳೂರಿಗೆ ಹೆಚ್ಚಿನ ಸ್ಥಾನಗಳು ದೊರೆತು, ಬೆಂಗಳೂರು ನಗರ ಜಿಲ್ಲೆಯ ಕ್ಷೇತ್ರಗಳ ಸಂಖ್ಯೆ 28 ಆಯಿತು. ದಾಸರಹಳ್ಳಿ ಅವುಗಳಲ್ಲಿ ಒಂದು. ಹೊಸ ಗಡಿಗಳ ಪ್ರಕಾರ ಚುನಾವಣೆ ನಡೆಸಿದ ಮೊದಲ ರಾಜ್ಯ ಕರ್ನಾಟಕ.

ಈ ಕ್ಷೇತ್ರದ ಒಂದು ವಿಶೇಷವನ್ನು ನಾಗರಿಕರು ಗಮನಿಸಬೇಕು. 2007ರ ಜನವರಿಯಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ, ಸುತ್ತಲಿನ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು 110 ಹಳ್ಳಿಗಳು ಅದರಲ್ಲಿ ವಿಲೀನವಾದವು. ದಾಸರಹಳ್ಳಿ ನಗರಸಭೆಯೂ ಅವುಗಳಲ್ಲಿ ಒಂದಾಗಿತ್ತು. ಚಿಕ್ಕಬಾಣಾವರ ಆಗ ವಿಲೀನವಾಗದೆ ಗ್ರಾಮ ಪಂಚಾಯಿತಿಯಾಗಿಯೇ ಉಳಿಯಿತು. ಅನಂತರ ಪುರಸಭೆಯಾಗಿ ಮೇಲ್ದರ್ಜೆಗೇರಿತು. ಆದುದರಿಂದ ಒಂದೇ ವಿಧಾನಸಭಾ ಕ್ಷೇತ್ರದೊಳಗೆ ಮಹಾನಗರದ ವಾರ್ಡುಗಳೂ ಅದರ ಹೊರಗಿನ ಊರುಗಳೂ ಸೇರಿವೆ. ಶಾಸಕರು ಎಲ್ಲರಿಗೂ ಒಬ್ಬರೇ. ಆದರೆ ನೀರು, ಬೀದಿದೀಪ, ಚರಂಡಿ, ಖಾತೆಗಳಿಗೆ ಸಂಬಂಧಿಸಿದ ಸ್ಥಳೀಯ ಸಂಸ್ಥೆ ಎಲ್ಲರಿಗೂ ಒಂದೇ ಅಲ್ಲ.

ಸ್ಥಳೀಯ ಸಂಸ್ಥೆಯ ಸ್ವರೂಪ ಬದಲಾದ ಮಾತ್ರಕ್ಕೆ ವಿಧಾನಸಭಾ ಕ್ಷೇತ್ರ ಬದಲಾಗುವುದಿಲ್ಲ. ಊರು ಪಂಚಾಯಿತಿಯಿಂದ ಪುರಸಭೆಯಾದಾಗಲೂ, 2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಬದಲಿಗೆ ಐದು ನಗರ ಪಾಲಿಕೆಗಳು ರಚನೆಯಾದಾಗಲೂ ಕ್ಷೇತ್ರದ ಗಡಿ 2008ರಲ್ಲಿ ಇದ್ದಂತೆಯೇ ಉಳಿಯಿತು.

ಲೋಕಸಭೆಗೆ ಸಂಬಂಧಿಸಿದಂತೆ ದಾಸರಹಳ್ಳಿಯು ಬೆಂಗಳೂರು ಉತ್ತರ ಕ್ಷೇತ್ರದ ಎಂಟು ವಿಧಾನಸಭಾ ಭಾಗಗಳಲ್ಲಿ ಒಂದು. ಮರುವಿಂಗಡಣೆಯ ನಂತರ ಈ ಲೋಕಸಭಾ ಕ್ಷೇತ್ರದಿಂದ 2009ರಲ್ಲಿ ಡಿ.ಬಿ. ಚಂದ್ರೇಗೌಡ, 2014 ಮತ್ತು 2019ರಲ್ಲಿ ಡಿ.ವಿ. ಸದಾನಂದಗೌಡ ಹಾಗೂ 2024ರಲ್ಲಿ ಶೋಭಾ ಕರಂದ್ಲಾಜೆ ಅವರು ಆಯ್ಕೆಯಾಗಿದ್ದಾರೆ.

3. ವಿಧಾನಸಭಾ ಚುನಾವಣೆಗಳ ವಿವರ

ಕ್ಷೇತ್ರ ರಚನೆಯಾದ ನಂತರ 2023ರವರೆಗೆ ನಾಲ್ಕು ಸಾರ್ವತ್ರಿಕ ಚುನಾವಣೆಗಳು ನಡೆದಿವೆ.

(ಅ) 2008: ಮೇ 10ರಂದು ಮತದಾನ, ಮೇ 25ರಂದು ಮತ ಎಣಿಕೆ. ಭಾರತೀಯ ಜನತಾ ಪಕ್ಷದ ಎಸ್. ಮುನಿರಾಜು ಅವರು ಕ್ಷೇತ್ರದ ಮೊದಲ ಶಾಸಕರಾಗಿ ಆಯ್ಕೆಯಾದರು.

(ಆ) 2013: ಮೇ 5ರಂದು ಮತದಾನ, ಮೇ 8ರಂದು ಮತ ಎಣಿಕೆ. ಎಸ್. ಮುನಿರಾಜು ಅವರು ಎರಡನೆಯ ಬಾರಿಗೆ ಆಯ್ಕೆಯಾದರು.

(ಇ) 2018: ಮೇ 12ರಂದು ಮತದಾನ, ಮೇ 15ರಂದು ಮತ ಎಣಿಕೆ. ಜನತಾದಳ (ಜಾತ್ಯತೀತ) ಪಕ್ಷದ ಆರ್. ಮಂಜುನಾಥ ಅವರು 94,044 ಮತಗಳನ್ನು ಪಡೆದು, 83,369 ಮತಗಳನ್ನು ಪಡೆದ ಎಸ್. ಮುನಿರಾಜು ಅವರಿಗಿಂತ 10,675 ಮತಗಳಿಂದ ಮುಂದಿದ್ದು ಆಯ್ಕೆಯಾದರು.

(ಈ) 2023: ಮೇ 10ರಂದು ಮತದಾನ, ಮೇ 13ರಂದು ಮತ ಎಣಿಕೆ. ಎಸ್. ಮುನಿರಾಜು ಅವರು 91,289 ಮತಗಳನ್ನು ಪಡೆದು, 82,095 ಮತಗಳನ್ನು ಪಡೆದ ಆರ್. ಮಂಜುನಾಥ ಅವರಿಗಿಂತ 9,194 ಮತಗಳಿಂದ ಮುಂದಿದ್ದು ಮೂರನೆಯ ಬಾರಿಗೆ ಆಯ್ಕೆಯಾದರು.

ಕೊನೆಯ ಎರಡು ಚುನಾವಣೆಗಳಲ್ಲಿ ಮೊದಲ ಎರಡು ಸ್ಥಾನಗಳಲ್ಲಿದ್ದವರು ಅದೇ ಇಬ್ಬರು ಅಭ್ಯರ್ಥಿಗಳು. ಐದು ವರ್ಷಗಳ ಅಂತರದಲ್ಲಿ ಒಬ್ಬರ ಮತಗಳು 7,920ರಷ್ಟು ಹೆಚ್ಚಿ, ಇನ್ನೊಬ್ಬರ ಮತಗಳು 11,949ರಷ್ಟು ಕಡಿಮೆಯಾದುದರಿಂದ ಫಲಿತಾಂಶ ಬದಲಾಯಿತು. ಲಕ್ಷಗಟ್ಟಲೆ ಮತದಾರರಿರುವ ಕ್ಷೇತ್ರದಲ್ಲಿ ಇದು ದೊಡ್ಡ ಸಂಖ್ಯೆಯಲ್ಲ. ಕೆಲವು ಬಡಾವಣೆಗಳ ಮತದಾರರ ಸಂಖ್ಯೆಯಷ್ಟೇ.

4. ಮತದಾನದ ಪ್ರಮಾಣ

2018ರ ಚುನಾವಣೆಯಲ್ಲಿ ರಾಜ್ಯದ ಒಟ್ಟಾರೆ ಮತದಾನ ಸುಮಾರು ಶೇಕಡ 72ರಷ್ಟಿತ್ತು. ಬೆಂಗಳೂರಿಗೆ ಹೊಂದಿಕೊಂಡ ಹೊಸಕೋಟೆ ಕ್ಷೇತ್ರದಲ್ಲಿ ಅದು ಶೇಕಡ 90ರ ಸಮೀಪ ತಲುಪಿತ್ತು. ದಾಸರಹಳ್ಳಿಯಲ್ಲಿ ಮಾತ್ರ ಶೇಕಡ 48ರ ಆಸುಪಾಸಿನಲ್ಲಿದ್ದು, ರಾಜ್ಯದಲ್ಲೇ ಅತಿ ಕಡಿಮೆ ಎಂದು ವರದಿಯಾಯಿತು. ಅಂದರೆ ಪಟ್ಟಿಯಲ್ಲಿದ್ದ ಪ್ರತಿ ನೂರು ಹೆಸರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆಸರುಗಳ ಮುಂದೆ ಮತ ದಾಖಲಾಗಲಿಲ್ಲ.

ಇದನ್ನು ಕೇವಲ ಜನರ ಉದಾಸೀನತೆ ಎಂದು ಭಾವಿಸುವುದು ಸರಿಯಲ್ಲ. ಜನರು ಮೇಲಿಂದ ಮೇಲೆ ಮನೆ ಬದಲಿಸುವ ಪ್ರದೇಶದಲ್ಲಿ ಎರಡು ಬಗೆಯ ದೋಷಗಳು ಪಟ್ಟಿಯಲ್ಲಿ ಸೇರಿಕೊಳ್ಳುತ್ತವೆ. ಬಾಡಿಗೆ ಮನೆ ಬಿಟ್ಟು ಹೋದವರ ಹೆಸರು ಹಾಗೆಯೇ ಉಳಿದು ಪಟ್ಟಿ ಉದ್ದವಾಗುತ್ತದೆ. ಹೊಸದಾಗಿ ಬಂದವರ ಹೆಸರು ಊರಿನ ಪಟ್ಟಿಯಲ್ಲೇ ಇದ್ದು ಇಲ್ಲಿ ಸೇರುವುದಿಲ್ಲ. ಮತದಾನದ ದಿನ ಮೊದಲನೆಯವರು ಬರುವುದಿಲ್ಲ, ಎರಡನೆಯವರಿಗೆ ಅವಕಾಶವಿರುವುದಿಲ್ಲ. ಕಾಗದದ ಮೇಲಿನ ಶೇಕಡಾವಾರು ಕುಸಿಯುವುದು ಒಂದು ಪರಿಣಾಮ. ಪ್ರತಿದಿನ ಇಲ್ಲಿನ ನೀರು, ರಸ್ತೆ, ಶಾಲೆಗಳನ್ನು ಬಳಸುವವರಿಗೆ ಇಲ್ಲಿನ ಪ್ರತಿನಿಧಿಯ ಆಯ್ಕೆಯಲ್ಲಿ ಪಾಲಿಲ್ಲದಂತಾಗುವುದು ಅದಕ್ಕಿಂತ ಗಂಭೀರವಾದ ಪರಿಣಾಮ.

ಒಂದು ಮತದ ಬೆಲೆ ಎಷ್ಟೆಂಬುದಕ್ಕೆ ರಾಜ್ಯದಲ್ಲೇ ಉದಾಹರಣೆಗಳಿವೆ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಅಂದಿನ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು 40,752 ಮತಗಳನ್ನೂ, ಎ.ಆರ್. ಕೃಷ್ಣಮೂರ್ತಿ ಅವರು 40,751 ಮತಗಳನ್ನೂ ಪಡೆದರು. ಒಂದೇ ಮತದಿಂದ ಫಲಿತಾಂಶ ನಿರ್ಧಾರವಾಯಿತು. 2023ರಲ್ಲಿ ಬೆಂಗಳೂರಿನ ಜಯನಗರ ಕ್ಷೇತ್ರದ ಫಲಿತಾಂಶ 16 ಮತಗಳ ಅಂತರದಿಂದ ತೀರ್ಮಾನವಾಯಿತು.

5. ಶಾಸಕರ ಕಚೇರಿಯ ಕಾರ್ಯವ್ಯಾಪ್ತಿ

ಸಂವಿಧಾನದ ಪ್ರಕಾರ ವಿಧಾನಸಭೆಯ ಸದಸ್ಯರಾಗಲು 25 ವರ್ಷ ತುಂಬಿರಬೇಕು. ವಿಧಾನಸಭೆಯ ಅವಧಿ, ಮೊದಲೇ ವಿಸರ್ಜನೆಯಾಗದಿದ್ದಲ್ಲಿ, ಐದು ವರ್ಷಗಳು. ಶಾಸನಗಳ ಚರ್ಚೆ ಮತ್ತು ಅನುಮೋದನೆ, ಆಯವ್ಯಯದ ಪರಿಶೀಲನೆ, ಕ್ಷೇತ್ರದ ಸಮಸ್ಯೆಗಳನ್ನು ಪ್ರಶ್ನೆಗಳ ಮೂಲಕ ಸದನದಲ್ಲಿ ಎತ್ತುವುದು ಶಾಸಕರ ಮುಖ್ಯ ಕರ್ತವ್ಯಗಳು. ಇದಲ್ಲದೆ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯ ಅನುದಾನದಲ್ಲಿ ಕೈಗೊಳ್ಳಬೇಕಾದ ಕಾಮಗಾರಿಗಳನ್ನು ಅವರು ಶಿಫಾರಸು ಮಾಡುತ್ತಾರೆ. ಮಂಜೂರಾತಿ ನೀಡುವವರು ಜಿಲ್ಲಾಧಿಕಾರಿಗಳು. ಬೀದಿಯ ರಸ್ತೆ, ಸಮುದಾಯ ಭವನ, ಶಾಲಾ ಕೊಠಡಿ ಮುಂತಾದ ಸಾರ್ವಜನಿಕ ಕಾಮಗಾರಿಗಳ ಬೇಡಿಕೆಯನ್ನು ನಿವಾಸಿಗಳು ಲಿಖಿತವಾಗಿ ಶಾಸಕರ ಕಚೇರಿಗೆ ಸಲ್ಲಿಸಬಹುದು.

ಆದರೆ ಈ ಕೆಳಕಂಡ ಕೆಲಸಗಳಿಗೆ ಅರ್ಜಿ ಸ್ವೀಕರಿಸುವ ಅಧಿಕಾರ ಶಾಸಕರ ಕಚೇರಿಗೆ ಇರುವುದಿಲ್ಲ:

– ಜಾತಿ, ಆದಾಯ, ವಾಸಸ್ಥಳ ದೃಢೀಕರಣ ಪತ್ರಗಳು: ನಾಡಕಚೇರಿ (ಅಟಲ್‌ಜೀ ಜನಸ್ನೇಹಿ ಕೇಂದ್ರ).
– ಖಾತೆ, ಆಸ್ತಿ ತೆರಿಗೆ, ಕಟ್ಟಡ ಪರವಾನಗಿ, ಕಸ ವಿಲೇವಾರಿ, ಬೀದಿದೀಪ: ಸಂಬಂಧಿಸಿದ ಸ್ಥಳೀಯ ಸಂಸ್ಥೆ.
– ಮತದಾರರ ಪಟ್ಟಿಯಲ್ಲಿ ಸೇರ್ಪಡೆ, ತಿದ್ದುಪಡಿ, ವರ್ಗಾವಣೆ: ಕ್ಷೇತ್ರದ ಮತದಾರರ ನೋಂದಣಾಧಿಕಾರಿ.

2011ರ ಕರ್ನಾಟಕ ನಾಗರಿಕ ಸೇವೆಗಳ ಖಾತರಿ ಅಧಿನಿಯಮ, ಅಂದರೆ ‘ಸಕಾಲ’, 2012ರ ಏಪ್ರಿಲ್ 2ರಿಂದ ರಾಜ್ಯಾದ್ಯಂತ ಜಾರಿಯಲ್ಲಿದೆ. ಅದರ ಪಟ್ಟಿಯಲ್ಲಿರುವ ಸೇವೆಗಳನ್ನು ನಿಗದಿತ ಅವಧಿಯಲ್ಲಿ ಪಡೆಯುವುದು ನಾಗರಿಕರ ಹಕ್ಕು. ಇದಕ್ಕೆ ಯಾರ ಶಿಫಾರಸು ಪತ್ರವೂ ಬೇಕಿಲ್ಲ. ಅರ್ಜಿ ಸಲ್ಲಿಸಿದಾಗ ಸ್ವೀಕೃತಿ ಸಂಖ್ಯೆಯನ್ನು ತಪ್ಪದೆ ಪಡೆಯಬೇಕು. ವಿಳಂಬವಾದಲ್ಲಿ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ವೆಚ್ಚವನ್ನು ಕೇಳಲು ಅಧಿನಿಯಮದಲ್ಲಿ ಅವಕಾಶವಿದೆ. ಕ್ಷೇತ್ರದ ಶಾಸಕರು ಯಾವ ಪಕ್ಷದವರು, ರಾಜ್ಯದಲ್ಲಿ ಯಾವ ಪಕ್ಷದ ಸರ್ಕಾರವಿದೆ, ಅರ್ಜಿದಾರರು ಯಾರಿಗೆ ಮತ ನೀಡಿದ್ದಾರೆ ಎಂಬುದಕ್ಕೂ ಈ ಹಕ್ಕಿಗೂ ಸಂಬಂಧವಿಲ್ಲ.

6. ಹೆಸರುಗಳ ಸಾಮ್ಯದಿಂದಾಗುವ ಗೊಂದಲ

ಚಿಕ್ಕಬಾಣಾವರದ ಅರ್ಜಿದಾರರು ನಮೂನೆ ಭರ್ತಿ ಮಾಡುವಾಗ ಎರಡು ಕಡೆ ತಪ್ಪು ಮಾಡುವ ಸಂಭವವಿದೆ.

ಒಂದನೆಯದು ‘ಯಶವಂತಪುರ’. ಕಂದಾಯ ದಾಖಲೆಗಳ ಪ್ರಕಾರ ಈ ಊರು ಬೆಂಗಳೂರು ಉತ್ತರ ತಾಲ್ಲೂಕಿನ ಯಶವಂತಪುರ ಹೋಬಳಿಗೆ ಸೇರಿದೆ. ಆದರೆ ಯಶವಂತಪುರ ಎಂಬ ವಿಧಾನಸಭಾ ಕ್ಷೇತ್ರ (ಸಂಖ್ಯೆ 153) ಬೇರೆಯೇ ಇದೆ. ಕ್ರಯಪತ್ರದಲ್ಲಿ ‘ಯಶವಂತಪುರ ಹೋಬಳಿ’ ಎಂದಿರುವುದನ್ನು ನೋಡಿ ಮತದಾರರ ನಮೂನೆಯಲ್ಲಿ ಯಶವಂತಪುರ ಕ್ಷೇತ್ರವನ್ನು ನಮೂದಿಸಿದರೆ ಅರ್ಜಿ ಬೇರೊಬ್ಬ ಅಧಿಕಾರಿಗೆ ಹೋಗುತ್ತದೆ.

ಎರಡನೆಯದು ‘ಬೆಂಗಳೂರು ಉತ್ತರ’. ಇದು ತಾಲ್ಲೂಕಿನ ಹೆಸರೂ ಹೌದು, ಲೋಕಸಭಾ ಕ್ಷೇತ್ರದ ಹೆಸರೂ ಹೌದು. 2025ರಲ್ಲಿ ರಚನೆಯಾದ ಐದು ನಗರ ಪಾಲಿಕೆಗಳಲ್ಲಿ ಒಂದಕ್ಕೂ ಇದೇ ಹೆಸರಿದೆ. ಈ ಮೂರರ ಗಡಿಗಳು ಒಂದೇ ಅಲ್ಲ. ಕಂದಾಯ ಸೇವೆಗೆ ತಾಲ್ಲೂಕು ಮತ್ತು ಹೋಬಳಿ, ಮತದಾರರ ಸೇವೆಗೆ ವಿಧಾನಸಭಾ ಕ್ಷೇತ್ರ, ಖಾತೆ ಮತ್ತು ತೆರಿಗೆಗೆ ಸ್ಥಳೀಯ ಸಂಸ್ಥೆ ಎಂಬುದನ್ನು ನೆನಪಿನಲ್ಲಿಡುವುದು ಒಳ್ಳೆಯದು.

7. ಮತದಾರರ ಪಟ್ಟಿಗೆ ಹೆಸರು ಸೇರಿಸುವ ವಿಧಾನ

ಯಾರು ಅರ್ಹರು: 18 ವರ್ಷ ತುಂಬಿದ, ಕ್ಷೇತ್ರದಲ್ಲಿ ಸಾಮಾನ್ಯವಾಗಿ ವಾಸವಿರುವ ಭಾರತೀಯ ಪ್ರಜೆಗಳು. ಮೊದಲು ಜನವರಿ 1 ಒಂದೇ ಅರ್ಹತಾ ದಿನಾಂಕವಾಗಿತ್ತು. 2022ರ ಆಗಸ್ಟ್‌ನಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಜನವರಿ 1, ಏಪ್ರಿಲ್ 1, ಜುಲೈ 1 ಮತ್ತು ಅಕ್ಟೋಬರ್ 1 ಹೀಗೆ ನಾಲ್ಕು ಅರ್ಹತಾ ದಿನಾಂಕಗಳಿವೆ. 17 ವರ್ಷ ತುಂಬಿದವರು ಮುಂಗಡವಾಗಿ ಅರ್ಜಿ ಸಲ್ಲಿಸಬಹುದು.

‘ಸಾಮಾನ್ಯ ವಾಸ’ ಎಂದರೇನು: 1950ರ ಪ್ರಜಾಪ್ರತಿನಿಧಿ ಅಧಿನಿಯಮದ 20ನೇ ಪ್ರಕರಣದ ಪ್ರಕಾರ, ಒಂದು ಕ್ಷೇತ್ರದಲ್ಲಿ ಮನೆಯನ್ನು ಹೊಂದಿರುವುದು ಅಥವಾ ಅದರ ಸ್ವಾಧೀನದಲ್ಲಿರುವುದು ಮಾತ್ರದಿಂದಲೇ ಅಲ್ಲಿ ಸಾಮಾನ್ಯ ವಾಸಿ ಎನಿಸುವುದಿಲ್ಲ. ಆದುದರಿಂದ ಚಿಕ್ಕಬಾಣಾವರದಲ್ಲಿ ನಿವೇಶನವಿದ್ದು ಬೇರೆ ಕಡೆ ವಾಸವಿರುವವರು ಇಲ್ಲಿ ನೋಂದಾಯಿಸುವಂತಿಲ್ಲ. ಸ್ವಂತ ಮನೆಯಿಲ್ಲದಿದ್ದರೂ ಬಾಡಿಗೆ ಮನೆಯಲ್ಲಿ ವಾಸವಿರುವವರು ನೋಂದಾಯಿಸಬಹುದು.

ಯಾವ ನಮೂನೆ:

– ನಮೂನೆ 6: ಮೊದಲ ಬಾರಿಗೆ ಹೆಸರು ಸೇರಿಸಲು.
– ನಮೂನೆ 7: ಮೃತರಾದ, ಸ್ಥಳಾಂತರಗೊಂಡ ಅಥವಾ ಎರಡು ಬಾರಿ ದಾಖಲಾದ ಹೆಸರನ್ನು ತೆಗೆಯಲು.
– ನಮೂನೆ 8: ವಾಸಸ್ಥಳ ಬದಲಾವಣೆ, ವಿವರಗಳ ತಿದ್ದುಪಡಿ, ಗುರುತಿನ ಚೀಟಿಯ ಬದಲಿ ಪ್ರತಿ ಹಾಗೂ ಅಂಗವೈಕಲ್ಯವನ್ನು ನಮೂದಿಸಲು.

ಉದಾಹರಣೆಗೆ, ಹಾಸನ ಜಿಲ್ಲೆಯ ಹಳ್ಳಿಯೊಂದರಲ್ಲಿ ಹೆಸರಿರುವ ಒಬ್ಬ ಕೆಲಸಗಾರರು ಪೀಣ್ಯದಲ್ಲಿ ದುಡಿಯುತ್ತಾ ಚಿಕ್ಕಬಾಣಾವರದಲ್ಲಿ ಕುಟುಂಬ ಸಮೇತ ಬಾಡಿಗೆಗೆ ಇದ್ದಾರೆ ಎಂದು ಭಾವಿಸೋಣ. ಅವರು ನಮೂನೆ 6ನ್ನು ಸಲ್ಲಿಸಬಾರದು. ಹಾಗೆ ಮಾಡಿದರೆ ಎರಡು ಕಡೆ ಹೆಸರು ದಾಖಲಾಗುವ ಅಪಾಯವಿದೆ. ಹಳೆಯ ಗುರುತಿನ ಚೀಟಿಯ ಸಂಖ್ಯೆಯನ್ನು ನಮೂದಿಸಿ ನಮೂನೆ 8ನ್ನು ಸಲ್ಲಿಸಬೇಕು. ಪರಿಶೀಲನೆಯ ನಂತರ ಹೆಸರು ಹಳ್ಳಿಯ ಪಟ್ಟಿಯಿಂದ ಇಲ್ಲಿಯ ಪಟ್ಟಿಗೆ ವರ್ಗಾವಣೆಯಾಗುತ್ತದೆ. ಊರಿನಲ್ಲಿ ಹೆಸರು ಹೋದರೆ ಜಮೀನು, ಪಡಿತರ ಅಥವಾ ಮನೆಯ ಹಕ್ಕು ಹೋಗುತ್ತದೆ ಎಂಬ ಆತಂಕ ಕೆಲವರಲ್ಲಿದೆ. ಮತದಾರರ ಪಟ್ಟಿಯಲ್ಲಿನ ಹೆಸರಿನಿಂದ ಆಸ್ತಿಯ ಹಕ್ಕು ಬರುವುದೂ ಇಲ್ಲ, ಹೋಗುವುದೂ ಇಲ್ಲ. ಎರಡು ಕಡೆ ಹೆಸರು ಇಟ್ಟುಕೊಳ್ಳುವುದನ್ನು ಮಾತ್ರ ಅಧಿನಿಯಮದ 17 ಮತ್ತು 18ನೇ ಪ್ರಕರಣಗಳು ನಿಷೇಧಿಸುತ್ತವೆ. ಸುಳ್ಳು ಘೋಷಣೆ ನೀಡಿದಲ್ಲಿ 31ನೇ ಪ್ರಕರಣದಂತೆ ಒಂದು ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು.

ದಾಖಲೆಗಳು: ವಾಸಸ್ಥಳಕ್ಕೆ ವಿದ್ಯುತ್, ನೀರು ಅಥವಾ ಅಡುಗೆ ಅನಿಲದ ಬಿಲ್ಲು, ಆಧಾರ್, ಬ್ಯಾಂಕ್ ಅಥವಾ ಅಂಚೆ ಕಚೇರಿಯ ಪಾಸ್‌ಪುಸ್ತಕ, ನೋಂದಾಯಿತ ಬಾಡಿಗೆ ಕರಾರು ಅಥವಾ ಕ್ರಯಪತ್ರ ಮುಂತಾದವುಗಳಲ್ಲಿ ಯಾವುದಾದರೂ ಒಂದು. ವಯಸ್ಸಿಗೆ ಜನನ ಪ್ರಮಾಣಪತ್ರ, ಶಾಲಾ ಪರೀಕ್ಷೆಯ ಪ್ರಮಾಣಪತ್ರ ಮುಂತಾದವು. ಆಯೋಗವು ಪಟ್ಟಿಯ ವಿಶೇಷ ಪರಿಷ್ಕರಣೆ ಕೈಗೊಂಡ ಅವಧಿಯಲ್ಲಿ ಆ ಸಂದರ್ಭಕ್ಕೆ ಹೊರಡಿಸಿದ ಸೂಚನೆಗಳು ಅನ್ವಯವಾಗುತ್ತವೆ. ಸೂರಿಲ್ಲದವರು ದಾಖಲೆಯಿಲ್ಲವೆಂದು ಹಿಂಜರಿಯಬೇಕಿಲ್ಲ. ಅವರು ಮಲಗುವ ಸ್ಥಳಕ್ಕೆ ಮತಗಟ್ಟೆ ಮಟ್ಟದ ಅಧಿಕಾರಿ ರಾತ್ರಿ ವೇಳೆ ಭೇಟಿ ನೀಡಿ ಖಚಿತಪಡಿಸಿಕೊಳ್ಳಲು ಅವಕಾಶವಿದೆ. ಹಾಸ್ಟೆಲ್ ಅಥವಾ ಬಾಡಿಗೆ ಕೊಠಡಿಗಳಲ್ಲಿ ವಾಸಿಸುವ ವಿದ್ಯಾರ್ಥಿಗಳು ತಂದೆತಾಯಿಯರ ಮನೆಯ ವಿಳಾಸದಲ್ಲಾಗಲೀ ಇಲ್ಲಿನ ವಿಳಾಸದಲ್ಲಾಗಲೀ, ಒಂದು ಕಡೆ ಮಾತ್ರ, ನೋಂದಾಯಿಸಬಹುದು. ಇಲ್ಲಿ ನೋಂದಾಯಿಸುವವರು ಶಿಕ್ಷಣ ಸಂಸ್ಥೆಯ ಮುಖ್ಯಸ್ಥರಿಂದ ದೃಢೀಕರಣ ಪಡೆದು ಲಗತ್ತಿಸಬೇಕು.

ಎಲ್ಲಿ ಸಲ್ಲಿಸಬೇಕು: ಮತಗಟ್ಟೆ ಮಟ್ಟದ ಅಧಿಕಾರಿಗೆ, ಮತದಾರರ ನೋಂದಣಾಧಿಕಾರಿಯ ಕಚೇರಿಗೆ ಅಥವಾ ಚುನಾವಣಾ ಆಯೋಗದ ಮತದಾರರ ಸೇವಾ ಜಾಲತಾಣದ ಮೂಲಕ. ಇದಕ್ಕೆ ಶುಲ್ಕವಿಲ್ಲ. ಮಾಹಿತಿಗೆ ಸಹಾಯವಾಣಿ 1950ಕ್ಕೆ ಕರೆ ಮಾಡಬಹುದು.

ಯಾವಾಗ: ವರ್ಷದ ಯಾವುದೇ ದಿನ. ಆದರೆ ಚುನಾವಣೆ ಘೋಷಣೆಯಾದ ಮೇಲೆ, ನಾಮಪತ್ರ ಸಲ್ಲಿಸುವ ಕೊನೆಯ ದಿನದ ನಂತರ ಆ ಚುನಾವಣೆಗೆ ಪಟ್ಟಿಯಲ್ಲಿ ಹೆಸರು ಸೇರಿಸಲು ಬರುವುದಿಲ್ಲ. ಪರಿಶೀಲನೆಗೆ ದಿನಗಳು ಬೇಕಾಗುವುದರಿಂದ ಕೊನೆಯ ವಾರದವರೆಗೆ ಕಾಯುವುದು ಸೂಕ್ತವಲ್ಲ.

8. ಅರ್ಜಿ ತಿರಸ್ಕೃತವಾದಲ್ಲಿ ಅಥವಾ ಹೆಸರು ಕೈಬಿಟ್ಟುಹೋದಲ್ಲಿ

ನೋಂದಣಾಧಿಕಾರಿಯ ಆದೇಶದ ವಿರುದ್ಧ 15 ದಿನಗಳೊಳಗೆ ಜಿಲ್ಲಾ ಮಟ್ಟದ ಮೇಲ್ಮನವಿ ಪ್ರಾಧಿಕಾರಕ್ಕೆ, ಅಲ್ಲಿಯ ಆದೇಶದ ವಿರುದ್ಧ 30 ದಿನಗಳೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು. ಆದುದರಿಂದ ಅರ್ಜಿಯ ಉಲ್ಲೇಖ ಸಂಖ್ಯೆಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಗುರುತಿನ ಚೀಟಿ ಕೈಯಲ್ಲಿದೆ ಎಂದ ಮಾತ್ರಕ್ಕೆ ಪಟ್ಟಿಯಲ್ಲಿ ಹೆಸರಿದೆ ಎಂದು ತಿಳಿಯಬಾರದು. ಪ್ರತಿ ಬಾರಿ ಕರಡು ಪಟ್ಟಿ ಪ್ರಕಟವಾದಾಗ ಮನೆಯ ಎಲ್ಲರ ಹೆಸರನ್ನೂ ಪರಿಶೀಲಿಸುವುದು ಅಗತ್ಯ.

9. ಮತದಾನದ ದಿನ

1951ರ ಪ್ರಜಾಪ್ರತಿನಿಧಿ ಅಧಿನಿಯಮದ 135ಬಿ ಪ್ರಕರಣದಂತೆ ಕಾರ್ಖಾನೆ, ಅಂಗಡಿ ಹಾಗೂ ಇತರ ಸಂಸ್ಥೆಗಳಲ್ಲಿ ದುಡಿಯುವ ಮತದಾರರಿಗೆ, ದಿನಗೂಲಿಯವರೂ ಸೇರಿದಂತೆ, ಮತದಾನದ ದಿನ ವೇತನ ಸಹಿತ ರಜೆ ನೀಡಬೇಕು. ಈ ಕಾರಣಕ್ಕೆ ಸಂಬಳ ಕಡಿತ ಮಾಡುವಂತಿಲ್ಲ. 85 ವರ್ಷ ಮೀರಿದವರಿಗೆ ಹಾಗೂ ಶೇಕಡ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಹೊಂದಿದವರಿಗೆ, ಮುಂಚಿತವಾಗಿ ನಮೂನೆ 12ಡಿ ಸಲ್ಲಿಸಿದಲ್ಲಿ, ಮನೆಯಿಂದಲೇ ಅಂಚೆ ಮತಪತ್ರದ ಮೂಲಕ ಮತ ನೀಡುವ ಸೌಲಭ್ಯವಿದೆ.

10. ಕೊನೆಯ ಮಾತು

ಬೈಯಪ್ಪನಹಳ್ಳಿ ಮತ್ತು ಚಿಕ್ಕಬಾಣಾವರಗಳ ನಡುವಿನ ಸುಮಾರು 25 ಕಿಲೋಮೀಟರ್ ಉದ್ದದ ಉಪನಗರ ರೈಲು ಮಾರ್ಗಕ್ಕೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಯಿತು. ‘ಮಲ್ಲಿಗೆ’ ಎಂದು ಹೆಸರಿಸಲಾದ ಈ ಮಾರ್ಗದಿಂದ ಊರಿಗೆ ಬಂದು ನೆಲೆಸುವವರು ಇನ್ನೂ ಹೆಚ್ಚಬಹುದು. ಮನೆ ಬದಲಿಸಿದಾಗ ಅಡುಗೆ ಅನಿಲದ ಸಂಪರ್ಕ, ಬ್ಯಾಂಕ್ ಖಾತೆ, ಮಕ್ಕಳ ಶಾಲೆ ಇವೆಲ್ಲವನ್ನೂ ಹೊಸ ವಿಳಾಸಕ್ಕೆ ಬದಲಿಸಿಕೊಳ್ಳುವ ಕುಟುಂಬಗಳು ಮತದಾರರ ಪಟ್ಟಿಯಲ್ಲಿನ ಹೆಸರನ್ನೂ ಅದರೊಂದಿಗೇ ಬದಲಿಸಿಕೊಂಡರೆ ಪಟ್ಟಿಯೂ ಶುದ್ಧವಾಗುತ್ತದೆ, ಅವರ ಮತವೂ ಅವರು ಬದುಕುವ ಊರಿಗೆ ಸಲ್ಲುತ್ತದೆ. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.